ಕೂಡಿಡುವ ಜಾಗ ಬೇರೆ, ಕಳಿಸುವ ಜಾಗ ಬೇರೆ

ಶಿರಸಿಯ ನಮ್ಮ ಅಂಗಡಿಗೆ ಬರುವ ಪರಿಚಿತರು, ಅದರಲ್ಲೂ ಮನೆಯಲ್ಲಿ ತಯಾರಿಸಿದ್ದನ್ನು ಆನ್‌ಲೈನ್‌ನಲ್ಲಿ ಮಾರಬೇಕೆಂದು ಹೊರಟಿರುವ ಹೆಣ್ಣುಮಕ್ಕಳು, ಈಚೆಗೆ ನನ್ನಲ್ಲಿ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಗೋದಾಮು ಎಲ್ಲಿ ಮಾಡಿದರೆ ಒಳ್ಳೆಯದು, ಬಂದ ಆರ್ಡರ್‌ಗಳನ್ನು ನಾವೇ ಕಟ್ಟಿ ಕಳಿಸಬೇಕೇ, ಇಲ್ಲ ಆ ಕೆಲಸವನ್ನು ಬೇರೆ ಯಾರಿಗಾದರೂ ವಹಿಸಬೇಕೇ? ಕೌಂಟರಿನ ಮುಂದೆ ನಿಂತವರಿಗೆ ಐದು ನಿಮಿಷದಲ್ಲಿ ಉತ್ತರ ಹೇಳಿ ಕಳಿಸಿದ ಮೇಲೆ, ಹೇಳಿದ್ದು ಅರ್ಧವೇ ಆಯಿತು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಈ ವಿಷಯದಲ್ಲಿ ನಾನು ಒಮ್ಮೆ ತಪ್ಪು ಮಾಡಿ, ಒಂದು ಇಡೀ ಮಳೆಗಾಲದ ದುಡಿಮೆಯನ್ನು ಕಳೆದುಕೊಂಡು, ಆಮೇಲೆ ಲೆಕ್ಕ ಹಾಕಲು ಕುಳಿತವಳು. ಆ ಲೆಕ್ಕವನ್ನು ಈ ಬರಹದಲ್ಲಿ ಸಾವಧಾನವಾಗಿ ಬರೆದಿಡುತ್ತಿದ್ದೇನೆ.

ಮೊದಲು ನಾವು ಮಾರುವ ಸರಕಿನ ವಿಷಯ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ (ದ್ರವರೂಪದ ಬೆಲ್ಲ), ಒಣಗಿಸಿದ ಮುರುಗಲು ಸಿಪ್ಪೆ, ಕಾಳುಮೆಣಸು, ಜೇನುತುಪ್ಪ, ಬಾಳೆಹಣ್ಣಿನ ಸುಕೇಳಿ: ಮುಖ್ಯವಾದವು ಇಷ್ಟು. ಇವೆಲ್ಲಕ್ಕೂ ಒಂದು ಸಮಾನ ಗುಣವಿದೆ. ಆಲೆಮನೆ ಮುಗಿಯುವ ಹೊತ್ತಿಗೆ ಜೋನಿಬೆಲ್ಲ ಬರುತ್ತದೆ, ಅದರ ಬೆನ್ನಿಗೇ ಮಿಡಿ ಮತ್ತು ಮೆಣಸು, ಬಿಸಿಲು ಬಲಿತ ಮೇಲೆ ಹಪ್ಪಳ, ಮಳೆಗೆ ಸ್ವಲ್ಪ ಮೊದಲು ಮುರುಗಲು. ಅಂದರೆ ಹೆಚ್ಚುಕಡಿಮೆ ನಾಲ್ಕೈದು ತಿಂಗಳಲ್ಲಿ ತಯಾರಾಗುವುದನ್ನು ನಾವು ವರ್ಷವಿಡೀ ಮಾರಬೇಕು. ಪೇಟೆಯ ಬಟ್ಟೆ ಅಂಗಡಿಯವರೋ ಮೊಬೈಲ್ ಅಂಗಡಿಯವರೋ ಖಾಲಿಯಾದಂತೆ ತರಿಸಿಕೊಳ್ಳಬಹುದು. ನಮಗೆ ಆ ದಾರಿಯಿಲ್ಲ. ಮೇ ತಿಂಗಳ ಕೊನೆಗೆ ಮನೆಯಲ್ಲಿ ಎಷ್ಟಿದೆಯೋ ಅಷ್ಟೇ ಆ ವರ್ಷದ ದಾಸ್ತಾನು. ಅದನ್ನು ಕೂಡಿಡಬೇಕಾದದ್ದಾದರೂ ಯಾವಾಗ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯಲ್ಲಿ, ಗೋಡೆಗಳೂ ಬೆವರುವ ಕಾಲದಲ್ಲಿ.

ಹಳೆಯ ಮನೆಗಳಿಗೆ ಇದು ಹೊಸ ಸಮಸ್ಯೆಯಲ್ಲ. ಅಡುಗೆಮನೆಯ ಒಲೆಯ ನೇರಕ್ಕೆ ಅಟ್ಟ, ಹೊಗೆ ತಾಗುವಲ್ಲಿ ಕೊಬ್ಬರಿ ಮತ್ತು ಮೆಣಸಿನ ಮೂಟೆ, ತಂಪಾದ ಕತ್ತಲೆ ಮೂಲೆಯಲ್ಲಿ ಉಪ್ಪಿನಕಾಯಿ ಭರಣಿ, ಕೈಗೆ ಸಿಗುವ ನಾಗೊಂದಿಗೆಯ ಮೇಲೆ ದಿನಬಳಕೆಯ ಡಬ್ಬಗಳು. ಯಾವ ಪದಾರ್ಥಕ್ಕೆ ಯಾವ ಜಾಗ ಎಂಬುದನ್ನು ಮನೆ ಕಟ್ಟುವಾಗಲೇ ತೀರ್ಮಾನಿಸಿರುತ್ತಿದ್ದರು. ನಮ್ಮ ಅತ್ತೆಯವರು ಈಗಲೂ ಹಪ್ಪಳದ ಡಬ್ಬ ತೆರೆದರೆ ಮೊದಲು ಒಂದನ್ನು ತೆಗೆದು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾರೆ. ಟಕ್ಕೆಂದು ಶಬ್ದ ಬಂದರೆ ಡಬ್ಬ ಕಳಿಸಲು ಯೋಗ್ಯ. ಶಬ್ದವಿಲ್ಲದೆ ಬಾಗಿ ಮುರಿದರೆ ಥಂಡಿ ಹಿಡಿದಿದೆ ಎಂದರ್ಥ. ಆ ಡಬ್ಬ ಬಿಸಿಲು ಬಂದ ದಿನ ಅಂಗಳಕ್ಕೆ ಹೋಗಬೇಕು. ಗೋದಾಮಿನ ಬಗ್ಗೆ ನಾನು ಆಮೇಲೆ ಓದಿದ್ದು, ಕೇಳಿದ್ದು ಎಷ್ಟೇ ಇರಲಿ, ದಾಸ್ತಾನು ಪರೀಕ್ಷೆ ಎಂದರೆ ನನ್ನ ಕಣ್ಣ ಮುಂದೆ ಬರುವುದು ಈ ಚಿತ್ರವೇ.

ಮೊದಲ ಕೆಲವು ವರ್ಷ ನಾವು ಎಲ್ಲವನ್ನೂ ಮನೆಯ ಮೆತ್ತಿಯ ಮೇಲಿಟ್ಟು, ಸಂಜೆ ಕುಳಿತು ಕಟ್ಟಿ, ಮರುದಿನ ಅಂಚೆ ಕಚೇರಿಗೋ ಕೊರಿಯರ್ ಕಚೇರಿಗೋ ಒಯ್ದು ಕೊಡುತ್ತಿದ್ದೆವು. ದಿನಕ್ಕೆ ಎಂಟು, ಹತ್ತು ಆರ್ಡರ್ ಇರುವವರೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲವೆಂದೇ ನನ್ನ ನಂಬಿಕೆ. ಯಾವ ಡಬ್ಬ ಎಲ್ಲಿದೆ, ಯಾವುದು ಯಾವ ಮನೆಯ ಹಪ್ಪಳ, ಯಾರು ಖಾರ ಕಡಿಮೆ ಕೇಳಿದ್ದರು ಎಂಬುದೆಲ್ಲ ತಲೆಯಲ್ಲೇ ಇರುತ್ತದೆ. ಆರ್ಡರ್ ದಿನಕ್ಕೆ ಮೂವತ್ತು ದಾಟಿದ ಮೇಲೆ ತೊಡಕುಗಳು ಶುರುವಾದವು. ಶಿರಸಿಗೆ ರೈಲು ಇಲ್ಲ. ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್, ಬೆಂಗಳೂರು ಸುಮಾರು 400. ಕೊರಿಯರ್ ವಾಹನ ಸಂಜೆ ಹೊರಡುವ ಮೊದಲು ಕಟ್ಟಿ ಮುಗಿಯದಿದ್ದರೆ ಒಂದು ದಿನ ಹೋಯಿತು. ಬೆಂಗಳೂರಿನ ಗ್ರಾಹಕರಿಗೆ ನಾಲ್ಕು ದಿನ, ಕೆಲವೊಮ್ಮೆ ಐದು ದಿನ ಹಿಡಿಯುತ್ತಿತ್ತು. ಬೆಂಗಳೂರಿನಲ್ಲಿರುವ ನನ್ನ ಮೈದುನ ಫೋನ್ ಮಾಡಿ, "ಅತ್ತಿಗೆ, ಇಲ್ಲಿ ಜನ ಬೆಳಿಗ್ಗೆ ಆರ್ಡರ್ ಮಾಡಿ ಸಂಜೆಗೆ ಸಿಗಲಿ ಅಂತಾರೆ, ನೀವು ವಾರ ಮಾಡಿದರೆ ಎರಡನೇ ಸಲ ಕೇಳೋದಿಲ್ಲ" ಎಂದು ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿಯಿತು.

ಆ ವರ್ಷ ಮೇ ಕೊನೆಯಲ್ಲಿ ನಾನು ಅವಸರದ ತೀರ್ಮಾನ ಮಾಡಿದೆ. ಬೆಂಗಳೂರಿನ ಹೊರವಲಯದಲ್ಲಿ ಗೋದಾಮು ಇಟ್ಟುಕೊಂಡು ಹತ್ತಾರು ವ್ಯಾಪಾರಿಗಳ ಸರಕನ್ನು ಸಂಗ್ರಹಿಸಿ, ಅವರ ಪರವಾಗಿ ಕಟ್ಟಿ ಕಳಿಸುವ ಒಂದು ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು, ಇಡೀ ವರ್ಷದ ದಾಸ್ತಾನಿನಲ್ಲಿ ಮುಕ್ಕಾಲು ಭಾಗವನ್ನು ಲಾರಿಗೆ ಹೇರಿಸಿ ಕಳಿಸಿಬಿಟ್ಟೆ. ಗೋದಾಮು ನೋಡಿ ಬಂದಿದ್ದೆ. ನೆಲ ಚೊಕ್ಕಟವಾಗಿತ್ತು, ರ‍್ಯಾಕುಗಳು ಎತ್ತರವಾಗಿದ್ದವು, ಪ್ರತಿ ಪೆಟ್ಟಿಗೆಗೂ ಬಾರ್‌ಕೋಡ್ ಇತ್ತು. ಬಾಡಿಗೆಯ ದರವೂ ನಮ್ಮ ಅಂದಾಜಿಗಿಂತ ಕಡಿಮೆಯೇ ಇತ್ತು. ನಾನು ನೋಡದೇ ಹೋದದ್ದು ಏನೆಂದರೆ, ಆ ಗೋದಾಮಿನಲ್ಲಿ ಹೆಚ್ಚಿನ ಸರಕು ಸಾಬೂನು, ಪಾತ್ರೆ, ಪುಸ್ತಕ, ಆಟದ ಸಾಮಾನು. ಹಪ್ಪಳ ಎಂಬುದು ಉಸಿರಾಡುವ ವಸ್ತು ಎಂಬ ಅರಿವು ಅಲ್ಲಿ ಯಾರಿಗೂ ಇರಬೇಕಾದ ಕಾರಣವಿರಲಿಲ್ಲ.

ಆಗಸ್ಟ್‌ನಲ್ಲಿ ಗ್ರಾಹಕರೊಬ್ಬರು ಹಿಂದಿರುಗಿಸಿದ ಪೆಟ್ಟಿಗೆಯೊಂದು ಶಿರಸಿಗೆ ಬಂತು. ಅದನ್ನು ನಾನೇ ತೆರೆದೆ. ಕೆಳಗೆ ಹಪ್ಪಳದ ಎರಡು ಕಟ್ಟು, ಅದರ ಮೇಲೆ ಒಂದು ಕಿಲೋ ಜೋನಿಬೆಲ್ಲದ ಡಬ್ಬ, ಪಕ್ಕದಲ್ಲಿ ಉಪ್ಪಿನಕಾಯಿ ಬಾಟಲಿ. ಡಬ್ಬದ ಭಾರಕ್ಕೆ ಹಪ್ಪಳ ಚೂರಾಗಿತ್ತು, ಬಾಟಲಿಯ ಮುಚ್ಚಳದ ಸಂದಿಯಿಂದ ಇಳಿದ ಎಣ್ಣೆಯನ್ನು ಆ ಚೂರುಗಳು ಹೀರಿಕೊಂಡಿದ್ದವು, ಇಡೀ ಪೆಟ್ಟಿಗೆಗೆ ಮಿಡಿಯ ಸೊನೆಯ ವಾಸನೆ ಹತ್ತಿತ್ತು. ಕಟ್ಟಿದವರು ಕಟ್ಟಿದ ರೀತಿಯಲ್ಲಿ ತಪ್ಪೇನೂ ಕಾಣಲಿಲ್ಲ. ಗುಳ್ಳೆ ಪ್ಲಾಸ್ಟಿಕ್ ಸುತ್ತಿದ್ದರು, ಟೇಪು ಬಿಗಿಯಾಗಿ ಹಾಕಿದ್ದರು. ಯಾವುದು ಮೇಲೆ, ಯಾವುದು ಕೆಳಗೆ ಎಂದು ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನಾಗಿದ್ದೆ. ಇನ್ನೊಂದನ್ನು ಗಮನಿಸಿದಾಗ ಹೊಟ್ಟೆಯಲ್ಲಿ ಕಲಸಿದಂತಾಯಿತು: ಆ ಕಟ್ಟಿನ ಮೇಲಿದ್ದದ್ದು ಮೇ ತಿಂಗಳ ತಾರೀಖು. ಅದಕ್ಕಿಂತ ಎರಡು ತಿಂಗಳು ಹಳೆಯ ಕಟ್ಟುಗಳು ರ‍್ಯಾಕಿನ ಹಿಂಬದಿಯಲ್ಲಿ ಹಾಗೆಯೇ ಉಳಿದಿದ್ದವು. ಕೊನೆಗೆ ಬಂದದ್ದು ಮುಂದೆ ಇದ್ದುದರಿಂದ ಅದೇ ಮೊದಲು ಹೊರಟಿತ್ತು.

ಆ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು ಕುಳಿತಾಗ ನನಗೆ ಹೊಳೆದದ್ದು ಇಷ್ಟು. ನಾನು ಎರಡು ಪ್ರಶ್ನೆಗಳನ್ನು ಒಂದೇ ಎಂದು ತಿಳಿದಿದ್ದೆ. ಸರಕನ್ನು ತಿಂಗಳುಗಟ್ಟಲೆ ಎಲ್ಲಿ ಕೂಡಿಡಬೇಕು ಎಂಬುದು ಒಂದು ಪ್ರಶ್ನೆ. ಆರ್ಡರ್ ಬಂದ ಮೇಲೆ ಎಲ್ಲಿಂದ ಕಳಿಸಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡಬೇಕಾದದ್ದು ಸರಕಿನ ಸ್ವಭಾವ, ಎರಡನೆಯದಕ್ಕೆ ಉತ್ತರ ಕೊಡಬೇಕಾದದ್ದು ಗ್ರಾಹಕರ ವಿಳಾಸ. ಎರಡಕ್ಕೂ ಬಾಡಿಗೆ ದರವನ್ನೇ ಮುಂದಿಟ್ಟುಕೊಂಡು ಉತ್ತರ ಹುಡುಕಿದ್ದೇ ನನ್ನ ತಪ್ಪು.

ಸರಕಿನ ಸ್ವಭಾವವನ್ನು ಒಂದೊಂದಾಗಿ ಬರೆದುಕೊಳ್ಳುತ್ತ ಹೋದೆ. ಕಾಳುಮೆಣಸು ಚೆನ್ನಾಗಿ ಒಣಗಿದ್ದು ಗಾಳಿಯಾಡದ ಚೀಲದಲ್ಲಿದ್ದರೆ ಎಲ್ಲಿಟ್ಟರೂ ಇರುತ್ತದೆ, ಎಸೆದರೂ ಒಡೆಯುವುದಿಲ್ಲ, ಸಣ್ಣ ಜಾಗದಲ್ಲಿ ದೊಡ್ಡ ಬೆಲೆ. ಜೇನುತುಪ್ಪವೂ ಕೆಡುವುದಿಲ್ಲ, ತಂಪಿಗೆ ಹರಳುಗಟ್ಟಿದರೆ ಗ್ರಾಹಕರು ಸಕ್ಕರೆ ಬೆರೆಸಿದ್ದಾರೆಂದು ಅನುಮಾನಿಸುತ್ತಾರೆ, ಅದಕ್ಕೊಂದು ಚೀಟಿ ಬರೆದು ಹಾಕಿದರೆ ಸಾಕು. ಜೋನಿಬೆಲ್ಲ ಹಾಗಲ್ಲ. ಪಾಕ ಸ್ವಲ್ಪ ಎಳೆಯದಾಗಿದ್ದರೆ ಸೆಕೆಗೆ ಹುಳಿತು, ಮುಚ್ಚಳ ಉಬ್ಬಿ, ಸೋರಲು ಶುರುವಾಗುತ್ತದೆ. ಒಂದು ಡಬ್ಬ ಸೋರಿದರೆ ಮರುದಿನ ಇರುವೆಯ ಸಾಲು ಇಡೀ ರ‍್ಯಾಕಿಗೆ ದಾರಿ ಮಾಡಿರುತ್ತದೆ. ಆದ್ದರಿಂದ ಅದಕ್ಕೆ ಪ್ರತ್ಯೇಕ ಮೂಲೆ, ಅತಿ ಕೆಳಗಿನ ಸಾಲು, ವಾರಕ್ಕೊಮ್ಮೆ ಮುಚ್ಚಳ ಮುಟ್ಟಿ ನೋಡುವ ಕೈ ಬೇಕು. ಹಪ್ಪಳಕ್ಕೆ ಬೇಕಾದದ್ದು ಒಣ ಗಾಳಿ ಮತ್ತು ಮೇಲೆ ಭಾರವಿಲ್ಲದ ಜಾಗ. ಜುಲೈನಲ್ಲಿ ನಮ್ಮ ಮೆತ್ತಿಯ ಮೇಲೆ ತೇವಾಂಶ ಅಳೆಯುವ ಯಂತ್ರ ಇಟ್ಟು ನೋಡಿದಾಗ ಮುಳ್ಳು ಶೇ. 90ರ ಆಸುಪಾಸಿನಲ್ಲೇ ನಿಂತಿತ್ತು. ಹತ್ತು ಅಡಿ ಉದ್ದಗಲದ ಒಂದು ಕೋಣೆಗೆ ಬಾಗಿಲಿನ ಸಂದಿ ಮುಚ್ಚಿ, ತೇವ ಹೀರುವ ಯಂತ್ರ ಹಾಕಿಸಿದ ಮೇಲೆ ಅದು ಶೇ. 60ಕ್ಕೆ ಇಳಿಯಿತು. ಆ ಯಂತ್ರದ ತೊಟ್ಟಿಯಲ್ಲಿ ಬೆಳಗಾಗುವುದರೊಳಗೆ ತುಂಬಿರುತ್ತಿದ್ದ ನೀರನ್ನು ಚೆಲ್ಲುವಾಗಲೆಲ್ಲ, ಇಷ್ಟು ನೀರು ಇಲ್ಲದಿದ್ದರೆ ಹಪ್ಪಳದೊಳಗೆ ಇರುತ್ತಿತ್ತಲ್ಲ ಎಂದುಕೊಳ್ಳುತ್ತಿದ್ದೆ. ಇಂಥ ಕೋಣೆಯನ್ನು ಶಿರಸಿಯಲ್ಲಿ ನಡೆಸುವ ಕರೆಂಟು ಖರ್ಚು, ಬೆಂಗಳೂರಿನಲ್ಲಿ ಅಷ್ಟೇ ಜಾಗಕ್ಕೆ ಕೊಡುವ ಬಾಡಿಗೆಗಿಂತ ನಮಗೆ ಕಡಿಮೆಯಾಯಿತು.

ಅಪ್ಪೆಮಿಡಿಯ ವಿಷಯದಲ್ಲಿ ಲೆಕ್ಕ ಇನ್ನೂ ಬೇರೆ ದಿಕ್ಕಿಗೆ ಹೋಯಿತು. ಉಪ್ಪಿನಲ್ಲಿ ಹಾಕಿಟ್ಟ ಮಿಡಿ ವರ್ಷ ಕಳೆದರೂ ಜಗ್ಗುವುದಿಲ್ಲ. ಆದರೆ ಸಾಸಿವೆ, ಮೆಣಸಿನಪುಡಿ ಬೆರೆಸಿ ಬಾಟಲಿಗೆ ತುಂಬಿದ ದಿನದಿಂದ ಅದರ ಗಡಿಯಾರ ಓಡಲು ಶುರುವಾಗುತ್ತದೆ. ಮೊದಲು ನಾವು ಏಪ್ರಿಲ್‌ನಲ್ಲೇ ಎಲ್ಲವನ್ನೂ ಬಾಟಲಿಗೆ ತುಂಬಿಸಿ, ಸಾವಿರಾರು ಗಾಜಿನ ಬಾಟಲಿಗಳಿಗೆ ಜಾಗ ಹುಡುಕುತ್ತಿದ್ದೆವು. ಈಗ ಮಿಡಿಯನ್ನು ಉಪ್ಪುನೀರಿನ ಡ್ರಮ್ಮುಗಳಲ್ಲೇ ಇಟ್ಟು, ಎರಡು ತಿಂಗಳಿಗೆ ಬೇಕಾದಷ್ಟಕ್ಕೆ ಮಾತ್ರ ಮಸಾಲೆ ಕಲಸಿ ತುಂಬುತ್ತೇವೆ. ಜಾಗ ಕಾಲುಭಾಗಕ್ಕೆ ಇಳಿಯಿತು, ಬಾಟಲಿ ಕೊಳ್ಳುವ ಹಣ ಒಂದೇ ಸಲ ಕಟ್ಟಿಹೋಗುವುದು ತಪ್ಪಿತು, ಗ್ರಾಹಕರ ಕೈಸೇರುವುದೂ ಹೊಸ ಸರಕೇ. ಸಿದ್ಧ ಸರಕಿಗೆ ಗೋದಾಮು ಹುಡುಕುವ ಮೊದಲು, ಅದನ್ನು ಅರೆಸಿದ್ಧ ರೂಪದಲ್ಲಿ ಇಡಲು ಸಾಧ್ಯವೇ ಎಂದು ಪ್ರತಿಯೊಬ್ಬ ಸಣ್ಣ ಉತ್ಪಾದಕರೂ ಒಮ್ಮೆ ಯೋಚಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ತಾರೀಖಿನ ವಿಷಯದಲ್ಲಿ ಕಾನೂನಿನ ಲೆಕ್ಕವೂ ಇದೆ. ಆನ್‌ಲೈನ್‌ನಲ್ಲಿ ಮಾರುವ ಆಹಾರ ಪದಾರ್ಥ ಗ್ರಾಹಕರ ಕೈಸೇರುವಾಗ, ಅದರ ಬಾಳಿಕೆಯ ಅವಧಿಯಲ್ಲಿ ಶೇ. 30 ಭಾಗವಾದರೂ ಉಳಿದಿರಬೇಕು, ಇಲ್ಲವೇ ಅವಧಿ ಮುಗಿಯಲು 45 ದಿನಗಳಾದರೂ ಇರಬೇಕು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ಮಾರ್ಗಸೂಚಿ. ನಮ್ಮ ಹಪ್ಪಳಕ್ಕೆ ನಾವು ಒಂಬತ್ತು ತಿಂಗಳ ಅವಧಿ ಬರೆಯುತ್ತೇವೆ. ಅದರಲ್ಲಿ 45 ದಿನ ಕಳೆದರೆ ಮಾರಲು ಸಿಗುವುದು ಏಳೂವರೆ ತಿಂಗಳು. ಏಪ್ರಿಲ್ ನಡುವಿನಲ್ಲಿ ಮಾಡಿದ ಹಪ್ಪಳ ನವೆಂಬರ್ ಕೊನೆಗೆ ಪಟ್ಟಿಯಿಂದ ಇಳಿಯಲೇಬೇಕು. ಮೊದಲು ಬಂದದ್ದು ಮೊದಲು ಎಂಬ ನಿಯಮವೂ ಇಲ್ಲಿ ಸಾಲದು; ಬೇರೆಬೇರೆ ಮನೆಗಳಿಂದ ಬೇರೆಬೇರೆ ದಿನ ಬರುವ ಸರಕಿನಲ್ಲಿ ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದು ಮೊದಲು ಹೊರಡಬೇಕು. ಇದಕ್ಕಾಗಿ ನಾವು ಪ್ರತಿ ಪೆಟ್ಟಿಗೆಯ ಎದುರುಮುಖಕ್ಕೆ ತಿಂಗಳಿಗೊಂದು ಬಣ್ಣದ ಚೀಟಿ ಅಂಟಿಸುತ್ತೇವೆ. ಅಕ್ಷರ ಓದದೆಯೂ, ದೂರದಿಂದಲೇ, ಹಳೆಯದು ಯಾವುದು ಎಂದು ಕಾಣಬೇಕು.

ಇನ್ನು ವಿಳಾಸದ ಪ್ರಶ್ನೆ. ಎರಡು ವರ್ಷದ ಆರ್ಡರ್‌ಗಳ ಪಿನ್‌ಕೋಡನ್ನು ಒಂದು ಹಾಳೆಯಲ್ಲಿ ಇಳಿಸಿ, ಮೊದಲ ಮೂರು ಅಂಕಿಗಳ ಪ್ರಕಾರ ವಿಂಗಡಿಸಿದೆ. 1972ರಲ್ಲಿ ಜಾರಿಗೆ ಬಂದ ಈ ಆರಂಕಿಯ ವ್ಯವಸ್ಥೆಯಲ್ಲಿ ಮೊದಲ ಮೂರು ಅಂಕಿ ಅಂಚೆ ವಿಂಗಡಣೆಯ ಜಿಲ್ಲೆಯನ್ನು ಹೇಳುವುದರಿಂದ, ಸರಕು ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಕಾಸು ಖರ್ಚಿಲ್ಲದ ಕೆಲಸ, ಒಂದು ಮಧ್ಯಾಹ್ನ ಸಾಕು. ನಮ್ಮ ಆರ್ಡರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು 560, ಅಂದರೆ ಬೆಂಗಳೂರು. ಉಳಿದದ್ದರಲ್ಲಿ 580ರ ಹುಬ್ಬಳ್ಳಿ-ಧಾರವಾಡ, 570ರ ಮೈಸೂರು, 411ರ ಪುಣೆ, 400ರ ಮುಂಬೈ ಮುಂದಿದ್ದವು. ಆದರೆ ನನಗೆ ಹೆಚ್ಚು ಉಪಯೋಗವಾದದ್ದು ಇನ್ನೊಂದು ಸಂಗತಿ: ಬೆಂಗಳೂರಿನಿಂದ ಬಂದ ಆರ್ಡರ್‌ಗಳಲ್ಲಿ ಬಹುಪಾಲು ಒಂಬತ್ತೇ ಬಗೆಯ ಪದಾರ್ಥಗಳಿಗೆ ಸೇರಿದ್ದವು. ನಮ್ಮ ಪಟ್ಟಿಯಲ್ಲಿ ನಲವತ್ತಕ್ಕೂ ಹೆಚ್ಚು ಬಗೆಗಳಿವೆ. ಬೆಂಗಳೂರಿಗೆ ಎಲ್ಲವನ್ನೂ ಒಯ್ದಿಡುವ ಅಗತ್ಯವೇ ಇರಲಿಲ್ಲ ಎಂದು ಆ ಹಾಳೆ ನನಗೆ ತೋರಿಸಿತು. ಬೆಂಗಳೂರಿನವರ ಅವಸರಕ್ಕೂ ಒಂದು ಕಾರಣ ಅದರಲ್ಲೇ ಸಿಕ್ಕಿತು: ವಿದೇಶದಲ್ಲಿರುವ ಮಕ್ಕಳು ರಜೆಗೆ ಬಂದು ಹಿಂದಿರುಗುವ ವಾರದಲ್ಲಿ ತಂದೆತಾಯಂದಿರು ಹಪ್ಪಳ, ಉಪ್ಪಿನಕಾಯಿ ತರಿಸುತ್ತಾರೆ. ವಿಮಾನ ಹೊರಟ ಮರುದಿನ ತಲುಪಿದ ಪಾರ್ಸೆಲ್‌ಗೆ ಏನು ಬೆಲೆ?

ಸಾಗಾಟದ ದರವನ್ನು ತೂಕದ ಮೇಲೆ ಮಾತ್ರ ಲೆಕ್ಕ ಹಾಕುವವರಿಗೆ ಒಂದು ಎಚ್ಚರಿಕೆ. ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ ಬಂದ ಅಂಕಿಯನ್ನು ಕಿಲೋ ಎಂದು ಹಿಡಿಯುತ್ತಾರೆ. ನಿಜವಾದ ತೂಕ ಮತ್ತು ಈ ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ನಾವು ಹಪ್ಪಳಕ್ಕೆ ಬಳಸುತ್ತಿದ್ದ ಪೆಟ್ಟಿಗೆ 40, 30, 20 ಸೆಂಟಿಮೀಟರಿನದು. ಗುಣಿಸಿದರೆ 24,000, ಭಾಗಿಸಿದರೆ 4.8 ಕಿಲೋ. ಒಳಗಿದ್ದದ್ದು ಒಂದೂವರೆ ಕಿಲೋಗಿಂತ ಕಡಿಮೆ ಹಪ್ಪಳ! ಉಳಿದದ್ದೆಲ್ಲ ಗಾಳಿ ಮತ್ತು ಕಾಗದದ ಉಂಡೆ. ಹಪ್ಪಳದ ಕಟ್ಟಿನ ಮೇಲೊಂದು ಕೆಳಗೊಂದು ದಪ್ಪ ರಟ್ಟಿನ ಬಿಲ್ಲೆ ಇಟ್ಟು ಬಿಗಿದು, 25, 25, 12ರ ಐದು ಪದರದ ಪೆಟ್ಟಿಗೆ ಮಾಡಿಸಿದೆವು. ಗಾತ್ರದ ತೂಕ ಒಂದೂವರೆ ಕಿಲೋಗೆ ಇಳಿಯಿತು. ಒಳಗೆ ಅಲುಗಾಡಲು ಜಾಗವಿಲ್ಲದ್ದರಿಂದ ಪುಡಿಯಾಗುವುದೂ ಕಡಿಮೆಯಾಯಿತು. ಗೋದಾಮಿನ ಬಾಡಿಗೆಯಲ್ಲಿ ಚದರಡಿಗೆ ಎರಡು ರೂಪಾಯಿ ಉಳಿಸಲು ನಾನು ವಾರಗಟ್ಟಲೆ ಚೌಕಾಸಿ ಮಾಡಿದ್ದೆ. ಈ ಒಂದು ಪೆಟ್ಟಿಗೆಯ ಬದಲಾವಣೆ ಅದಕ್ಕಿಂತ ಎಷ್ಟೋ ಹೆಚ್ಚು ಉಳಿಸಿಕೊಟ್ಟಿತು.

ನಮ್ಮ ಮುಂದಿದ್ದ ಬೇರೆ ದಾರಿಗಳನ್ನೂ ಹೇಳಬೇಕು. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳು ತಮ್ಮದೇ ಗೋದಾಮಿನಲ್ಲಿ ನಮ್ಮ ಸರಕಿಟ್ಟು, ತಾವೇ ಕಟ್ಟಿ ಕಳಿಸುವ ವ್ಯವಸ್ಥೆ ಇಟ್ಟಿವೆ. ತಲುಪುವ ವೇಗ ನಮ್ಮ ಕೈಲಾಗದಂಥದ್ದು. ಗ್ರಾಹಕರ ಕಣ್ಣಿಗೆ ಬೀಳುವುದೂ ಹೆಚ್ಚು. ಆದರೆ ಅಲ್ಲಿ ಸರಕು ನಿಂತಷ್ಟೂ ದಿನ ಶುಲ್ಕ ಏರುತ್ತದೆ, ಅವರ ಗೋದಾಮಿನಲ್ಲಿರುವ ಸರಕು ಸಾಮಾನ್ಯವಾಗಿ ಅವರ ಮಾರುಕಟ್ಟೆಗೇ ಕಟ್ಟುಬಿದ್ದಿರುತ್ತದೆ, ನಮ್ಮ ಚೀಟಿ, ನಮ್ಮ ಕಟ್ಟುವ ಕ್ರಮ ಯಾವುದಕ್ಕೂ ಅಲ್ಲಿ ಆಸ್ಪದವಿಲ್ಲ. ಇನ್ನೂ ಮುಖ್ಯವಾದದ್ದು ತೆರಿಗೆ. 2017ರ ಜುಲೈಗೆ ಮೊದಲು, ಹೊರರಾಜ್ಯಕ್ಕೆ ನೇರವಾಗಿ ಮಾರಿದರೆ ಬೀಳುತ್ತಿದ್ದ ಕೇಂದ್ರ ಮಾರಾಟ ತೆರಿಗೆಯನ್ನು ತಪ್ಪಿಸಲು ದೊಡ್ಡ ಕಂಪನಿಗಳು ರಾಜ್ಯಕ್ಕೊಂದು ಡಿಪೋ ಇಡುತ್ತಿದ್ದವು. ಜಿಎಸ್‌ಟಿ ಬಂದ ಮೇಲೆ ಆ ಅಗತ್ಯ ಹೋಗಿ, ಕೆಲವೇ ಆಯಕಟ್ಟಿನ ಜಾಗಗಳಲ್ಲಿ ದೊಡ್ಡ ಗೋದಾಮು ಮಾಡುವುದು ಲಾಭದಾಯಕವಾಯಿತು. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆಯ ಸುತ್ತ ಹೆದ್ದಾರಿಯ ಪಕ್ಕ ನಾವು ಕಾಣುವ ತಗಡಿನ ಮಹಾಗೋದಾಮುಗಳು ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ. ಆದರೆ ಯಾವ ರಾಜ್ಯದಲ್ಲಿ ಸರಕು ಇಟ್ಟು ಮಾರುತ್ತೇವೋ ಆ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿ ಬೇಕು ಎಂಬ ನಿಯಮ ಉಳಿದಿದೆ. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದ ಗೋದಾಮುಗಳಿಗೂ ಸರಕು ಹಂಚಿಡಿ ಎಂಬ ಸಲಹೆ ಬಂದಾಗ, ಅಷ್ಟು ರಾಜ್ಯಗಳ ನೋಂದಣಿ, ಅಷ್ಟು ತೆರಿಗೆ ರಿಟರ್ನ್‌ಗಳನ್ನು ಮೂರು ಜನರ ಅಂಗಡಿ ಹೊರಲಾರದು ಎಂದು ನಾವು ಹಿಂದೆ ಸರಿದೆವು. ಕರ್ನಾಟಕದ ಒಳಗಾದರೆ ಅದೇ ನೋಂದಣಿಗೆ ಇನ್ನೊಂದು ವ್ಯವಹಾರ ಸ್ಥಳವೆಂದು ಸೇರಿಸಿದರೆ ಸಾಕು.

ಇನ್ನೊಂದು ದಾರಿ, ನಾವು ಏನನ್ನೂ ಕೂಡಿಡದೆ, ಆರ್ಡರ್ ಬಂದಂತೆ ಹಪ್ಪಳ ಮಾಡುವ ಮನೆಯವರಿಂದಲೇ ನೇರವಾಗಿ ಗ್ರಾಹಕರಿಗೆ ಕಳಿಸುವುದು. ಕೇಳಲು ಆಕರ್ಷಕವಾಗಿದೆ. ಅಮೆರಿಕದಲ್ಲಿ 1999ರಲ್ಲಿ ಶುರುವಾದ ಜ್ಯಾಪೋಸ್ ಎಂಬ ಪಾದರಕ್ಷೆ ಕಂಪನಿ ಹೀಗೆಯೇ, ತಯಾರಕರಿಂದ ನೇರವಾಗಿ ಕಳಿಸುವ ಕ್ರಮದಿಂದಲೇ ಆರಂಭಿಸಿತು. ಆದರೆ ತಯಾರಕರ ದಾಸ್ತಾನಿನ ಲೆಕ್ಕ ನಂಬುವಂತಿರಲಿಲ್ಲ, ತಲುಪುವ ಸಮಯ ಅದರ ಕೈಯಲ್ಲಿರಲಿಲ್ಲ. ಕೆಂಟಕಿಯಲ್ಲಿ ಹೊರಗಿನವರೊಬ್ಬರಿಗೆ ಗೋದಾಮಿನ ಕೆಲಸ ವಹಿಸಿ ನೋಡಿ, ಅದೂ ಸರಿಹೋಗದೆ ತಾನೇ ಗೋದಾಮು ನಡೆಸಲು ನಿಂತಿತು. ಕೊನೆಗೆ, ಮಾರಾಟದ ಸುಮಾರು ಕಾಲುಭಾಗವನ್ನು ಬಿಟ್ಟುಕೊಟ್ಟಾದರೂ ಸರಿ ಎಂದು, 2003ರಲ್ಲಿ ತಯಾರಕರಿಂದ ನೇರ ಕಳಿಸುವುದನ್ನು ಪೂರ್ತಿ ನಿಲ್ಲಿಸಿತು. ನಮ್ಮದು ಅದರ ಎದುರು ಒಂದು ಸಾಸಿವೆ ಕಾಳು. ಆದರೂ ಅನುಭವ ಒಂದೇ. ಮನೆಯಲ್ಲಿ ಮದುವೆಯೋ ಕೊಯ್ಲೋ ಬಂದರೆ ಪಾರ್ಸೆಲ್ ಕಟ್ಟುವವರು ಯಾರು? ತಯಾರಿಸುವವರಿಗೆ ಕಳಿಸುವ ಹೊಣೆಯನ್ನೂ ಹೊರಿಸುವುದು ನ್ಯಾಯವಲ್ಲ ಎಂದು ನನಗೆ ತೋರುತ್ತದೆ.

ಹೊರಗಿನ ಸಂಸ್ಥೆಗೆ ವಹಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ವಹಿಸುವ ಮೊದಲು ಬಿಲ್ಲಿನ ಸಾಲುಗಳನ್ನು ಓದಬೇಕು: ಸರಕು ಒಳಗೆ ಇಳಿಸಿಕೊಳ್ಳಲು ಪೆಟ್ಟಿಗೆಗೆ ಇಷ್ಟು, ಜಾಗಕ್ಕೆ ತಿಂಗಳಿಗೆ ಇಷ್ಟು, ಒಂದು ಆರ್ಡರ್ ಕಟ್ಟಲು ಇಷ್ಟು, ಅದರಲ್ಲಿ ಎರಡನೇ ವಸ್ತು ಸೇರಿದರೆ ಇಷ್ಟು, ಪೆಟ್ಟಿಗೆ ಮತ್ತು ಟೇಪಿಗೆ ಇಷ್ಟು, ಹಿಂದಿರುಗಿದ ಸರಕನ್ನು ನೋಡಿ ಒಳಗಿಡಲು ಇಷ್ಟು, ಆರ್ಡರ್ ಕಡಿಮೆಯಾದರೂ ಕೊಡಲೇಬೇಕಾದ ಕನಿಷ್ಠ ಮೊತ್ತ ಇಷ್ಟು. ಕೊನೆಯ ಸಾಲೇ ಸಣ್ಣವರನ್ನು ಕಾಡುವುದು. ನಮ್ಮಂತೆ ಗೌರಿ ಹಬ್ಬದಿಂದ ದೀಪಾವಳಿಯವರೆಗೆ ಉಸಿರು ಬಿಡಲು ಬಿಡುವಿಲ್ಲದೆ, ಫೆಬ್ರವರಿಯಲ್ಲಿ ನೊಣ ಹೊಡೆಯುವ ವ್ಯಾಪಾರಕ್ಕೆ ತಿಂಗಳ ಕನಿಷ್ಠ ಮೊತ್ತದ ಒಪ್ಪಂದ ಹೊಂದುವುದಿಲ್ಲ. ಬಟ್ಟೆ, ಪುಸ್ತಕ, ಮರದ ಆಟಿಕೆ ಮಾರುವವರಿಗೆ, ಅದರಲ್ಲೂ ವರ್ಷವಿಡೀ ಸಮನಾಗಿ ಆರ್ಡರ್ ಇರುವವರಿಗೆ, ಇದೇ ವ್ಯವಸ್ಥೆ ವರದಾನವಾಗಬಹುದು.

ಈಗ ನಾವು ನಡೆಸುತ್ತಿರುವ ಕ್ರಮ ಹೀಗಿದೆ. ವರ್ಷದ ದಾಸ್ತಾನು ಶಿರಸಿಯಲ್ಲೇ ಇರುತ್ತದೆ: ಹಪ್ಪಳಕ್ಕೆ ಒಣ ಕೋಣೆ, ಮಿಡಿಗೆ ಡ್ರಮ್ಮು, ಉಳಿದದ್ದು ಗೋಡೆಯಿಂದ ಗೇಣು ದೂರದಲ್ಲಿ, ನೆಲದಿಂದ ಎತ್ತರಿಸಿದ ಮರದ ಹಲಗೆಗಳ ಮೇಲೆ. ಬೆಂಗಳೂರಿನ ಯಶವಂತಪುರದ ಬಳಿ 300 ಚದರಡಿಯ ಒಂದು ನೆಲಮಹಡಿ ಕೋಣೆ ಹಿಡಿದಿದ್ದೇವೆ. ಅಲ್ಲಿರುವುದು ಆ ಒಂಬತ್ತು ಬಗೆಗಳು ಮಾತ್ರ, ಅದೂ ಹದಿನೈದು ದಿನಕ್ಕೆ ಸಾಲುವಷ್ಟು. ಮೈದುನ ಮತ್ತು ಇಬ್ಬರು ಹೆಣ್ಣುಮಕ್ಕಳು ನೋಡಿಕೊಳ್ಳುತ್ತಾರೆ. ಅವರನ್ನು ನಾವು ಮೊದಲು ಒಂದು ವಾರ ಶಿರಸಿಗೆ ಕರೆಸಿ, ಅತ್ತೆಯವರ ಪಕ್ಕದಲ್ಲಿ ಕೂರಿಸಿ, ಹಪ್ಪಳ ಮುರಿದು ಕೇಳುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದೆವು. ಹೆಚ್ಚು ಖರ್ಚಾಗುವುದನ್ನು ಮೊಣಕಾಲಿಗೂ ಭುಜಕ್ಕೂ ನಡುವಿನ ಸಾಲುಗಳಲ್ಲಿ, ಭಾರದ್ದನ್ನು ಕೆಳಗೆ ಇಟ್ಟಿದ್ದಾರೆ. ಕಟ್ಟುವ ಮೇಜಿನ ಮೇಲೆ ಗೋಡೆಗೆ ಒಂದು ಚಿತ್ರ ಅಂಟಿಸಿದೆ: ಬೆಲ್ಲ ಕೆಳಗೆ, ಬಾಟಲಿ ನಿಲುವಾಗಿ, ಹಪ್ಪಳ ಯಾವಾಗಲೂ ಬೇರೆ ಪೆಟ್ಟಿಗೆಯಲ್ಲಿ. ಪ್ರತಿ ದಿನ ಸಂಜೆ ಒಂದು ಸಾಲನ್ನು ಮಾತ್ರ ಎಣಿಸಿ ಪುಸ್ತಕದ ಲೆಕ್ಕಕ್ಕೆ ತಾಳೆ ನೋಡುತ್ತಾರೆ. ಹಾಗೆ ಮಾಡುತ್ತ ಹೋದರೆ ಹತ್ತು ದಿನಕ್ಕೆ ಇಡೀ ಕೋಣೆ ಎಣಿಸಿದಂತಾಗುತ್ತದೆ, ವರ್ಷಕ್ಕೊಮ್ಮೆ ಅಂಗಡಿ ಮುಚ್ಚಿ ಎಣಿಸುವ ತಾಪತ್ರಯವಿಲ್ಲ.

ಶಿರಸಿಯಿಂದ ವಾರಕ್ಕೊಮ್ಮೆ ಸರಕು ಹೋಗುತ್ತದೆ, ಹೆಚ್ಚಾಗಿ ರಾತ್ರಿ ಹೊರಡುವ ಬಸ್ಸಿನ ಪಾರ್ಸೆಲ್‌ನಲ್ಲಿ. ರಾಜ್ಯದ ಸಾರಿಗೆ ಸಂಸ್ಥೆ 2021ರಲ್ಲಿ 'ನಮ್ಮ ಕಾರ್ಗೋ' ಎಂಬ ಪಾರ್ಸೆಲ್ ಸೇವೆ ಶುರುಮಾಡಿದ ಮೇಲೆ ಸಣ್ಣ ಊರುಗಳ ವ್ಯಾಪಾರಿಗಳಿಗೆ ಲಾರಿ ತುಂಬುವಷ್ಟು ಸರಕಿಲ್ಲದಿದ್ದರೂ ದಾರಿ ಇದೆ. ಒಂದು ಸಲಕ್ಕೆ ಕಳಿಸುವುದರ ಬೆಲೆ 50,000 ರೂಪಾಯಿ ಮೀರಿದರೆ ಡೆಲಿವರಿ ಚಲನ್ (ಸರಕಿನ ಜೊತೆ ಹೋಗುವ ವಿವರಪಟ್ಟಿ) ಜೊತೆಗೆ, ಸಾಗಾಟಕ್ಕೆಂದು ಆನ್‌ಲೈನ್‌ನಲ್ಲಿ ತೆಗೆಯುವ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ ಕೂಡ ಬೇಕು. ಮಾರಾಟವಲ್ಲ, ನಮ್ಮದೇ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಾಟ ಎಂದರೂ ಬಿಡುವುದಿಲ್ಲ. ಆಹಾರ ಸುರಕ್ಷತಾ ಪರವಾನಗಿಯನ್ನೂ ಆ ಕೋಣೆಗೆ ಪ್ರತ್ಯೇಕವಾಗಿ ಮಾಡಿಸಬೇಕಾಯಿತು, ಏಕೆಂದರೆ ಅದು ಸ್ಥಳಕ್ಕೆ ಕೊಡುವ ಪರವಾನಗಿ. ಬೆಂಕಿ ಮತ್ತು ನೆರೆಯ ವಿಮೆಯಲ್ಲೂ ಆ ಕೋಣೆಯ ವಿಳಾಸ ಬರೆಸಿದ್ದೇವೆ. ಇದನ್ನು ಬಹಳ ಜನ ಮರೆಯುತ್ತಾರೆ. ಅಂಗಡಿಯ ವಿಳಾಸ ಮಾತ್ರ ಇರುವ ಪಾಲಿಸಿ ಬೇರೆ ಊರಿನ ಗೋದಾಮಿಗೆ ನೀರು ನುಗ್ಗಿದಾಗ ಕೈಹಿಡಿಯುವುದಿಲ್ಲ.

ಆನ್‌ಲೈನ್ ಮಾರುಕಟ್ಟೆಯ ಗೋದಾಮಿಗೆ ಕೊಟ್ಟಿರುವುದು ಎರಡೇ ಪದಾರ್ಥ, ಮೆಣಸು ಮತ್ತು ಜೇನು. ಎರಡೂ ಗಟ್ಟಿ, ಎರಡೂ ಕೆಡದವು, ಯಾರು ಕಟ್ಟಿದರೂ ನಡೆಯುತ್ತದೆ. ಜೇನನ್ನು ಗಾಜಿನಿಂದ ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಬಾಟಲಿಗೆ ಬದಲಾಯಿಸುವಾಗ ಮಾತ್ರ ಮನಸ್ಸು ಹಿಂದೆಮುಂದೆ ನೋಡಿತು. ತಲುಪಿದ ಮೇಲೆ ಹಣ ಕೊಡುವ ಆರ್ಡರ್‌ಗಳನ್ನು ಹಪ್ಪಳ ಮತ್ತು ಉಪ್ಪಿನಕಾಯಿಗೆ ನಿಲ್ಲಿಸಿದ್ದೇವೆ. ಗ್ರಾಹಕರು ಬಾಗಿಲಲ್ಲಿ ಬೇಡವೆಂದ ಅಂಗಿ ಮತ್ತೆ ರ‍್ಯಾಕಿಗೆ ಹೋಗಬಹುದು. ಹದಿನೈದು ದಿನ ಊರೂರು ಸುತ್ತಿ ಹಿಂದೆ ಬಂದ ತಿನ್ನುವ ವಸ್ತುವನ್ನು ನಾವು ಇನ್ನೊಬ್ಬರಿಗೆ ಕಳಿಸುವುದಿಲ್ಲ. ಎರಡು ಕಡೆಯ ಸಾಗಾಟ, ಪೆಟ್ಟಿಗೆ ಮತ್ತು ಒಳಗಿನ ಸರಕು, ಮೂರೂ ನಷ್ಟ. ಇದರಿಂದ ಕೆಲವು ಗ್ರಾಹಕರು ಕೈಬಿಟ್ಟುಹೋದರು, ನಿಜ.

ಬೆಂಗಳೂರಿಗೆ ಈಗ ಮರುದಿನ, ತಪ್ಪಿದರೆ ಎರಡನೇ ದಿನ ತಲುಪುತ್ತದೆ. ಹುಬ್ಬಳ್ಳಿ-ಧಾರವಾಡಕ್ಕೆ ಶಿರಸಿಯಿಂದಲೇ ಕಳಿಸುವುದು ಬೇಗ, ಆದ್ದರಿಂದ ಅಲ್ಲಿ ಜಾಗ ಹಿಡಿಯುವ ಯೋಚನೆಯಿಲ್ಲ. ಉಳಿದಿರುವುದು ಪುಣೆಯ ಪ್ರಶ್ನೆ. 411ರಿಂದ ಶುರುವಾಗುವ ಆರ್ಡರ್‌ಗಳು ಈ ವರ್ಷ ಏರುತ್ತಿವೆ. ಅಲ್ಲಿ ನೆಲೆಸಿರುವ ಕನ್ನಡದವರು ಒಬ್ಬರಿಂದೊಬ್ಬರಿಗೆ ಹೇಳಿ ತರಿಸುತ್ತಿದ್ದಾರೆ. ಅಲ್ಲೊಂದು ಸಣ್ಣ ಕೋಣೆ ಹಿಡಿದರೆ ಮಹಾರಾಷ್ಟ್ರದ ನೋಂದಣಿ, ಇನ್ನೊಂದು ಪರವಾನಗಿ, ತಿಂಗಳ ಬಾಡಿಗೆ. ಹಿಡಿಯದಿದ್ದರೆ ಹುಬ್ಬಳ್ಳಿಯ ಮೂಲಕ ಮೂರು ದಿನ. ದೀಪಾವಳಿಯವರೆಗಿನ ಆರ್ಡರ್‌ಗಳನ್ನು ಎಣಿಸಿ, ಅದರಲ್ಲಿ ಹಪ್ಪಳ ಎಷ್ಟು, ಮೆಣಸು ಎಷ್ಟು ಎಂದು ಬಿಡಿಸಿ ನೋಡಿದ ಮೇಲೆ ತೀರ್ಮಾನಿಸುತ್ತೇವೆ. ಅಲ್ಲಿಯವರೆಗೆ ಪುಣೆಯ ಪಾರ್ಸೆಲ್‌ಗಳು ಶಿರಸಿಯಿಂದಲೇ, ಸೋಮವಾರ ಮತ್ತು ಗುರುವಾರ ಸಂಜೆಯ ವಾಹನಕ್ಕೆ ಹೊರಡುತ್ತವೆ.